ಆರಿದ ಕುಲುಮೆ

"ಕಡಿಮೆ ಆಗಿಲ್ಲ, ಜಾಸ್ತಿ ಆಗಿದೆ," ಎಂದರು ಡಾಕ್ಟರಮ್ಮ, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾ. "ಮಗು ರಕ್ತದಲ್ಲಿ ಸೀಸ ಹೋದ ಸಲಕ್ಕಿಂತ ಹೆಚ್ಚಿದೆ. ಕೆಲಸ ನಿಲ್ಲಿಸ್ತೀನಿ ಅಂದಿದ್ರಲ್ಲ?"

"ಆವತ್ತೇ ಕುಲುಮೆ ಆರಿಸಿಬಿಟ್ಟೆ ಡಾಕ್ಟ್ರೇ," ಎಂದ ಮಗುವಿನ ಅಪ್ಪ.

ಮಗಳನ್ನು ತನ್ನ ಅಮ್ಮನ ಹತ್ತಿರ ಬಿಟ್ಟು, ಅವನೂ ಹೆಂಡತಿಯೂ ರಿಪೋರ್ಟು ಕೇಳಲು ಬಂದಿದ್ದರು. ಹಳೆಯ ಬ್ಯಾಟರಿ ಒಡೆದು, ಸೀಸ ಕರಗಿಸಿ, ಮೀನಿನ ಬಲೆಗೆ ಕಟ್ಟುವ ಗುಂಡು ಎರೆಯುವುದು ಅಜ್ಜನ ಕಾಲದಿಂದ ಬಂದ ಕಸುಬು. ಬೇರೆ ಕೆಲಸದ ಗಂಧಗಾಳಿ ಇಲ್ಲದವನು ಮಗಳಿಗಾಗಿ ಅದಕ್ಕೆ ಎಳ್ಳುನೀರು ಬಿಟ್ಟು, ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಆದರೂ ಅರಳು ಹುರಿದಂತೆ ಮಾತಾಡುತ್ತಿದ್ದ ಪುಟ್ಟಿ ಕಲಿತ ಮಾತುಗಳನ್ನೆಲ್ಲ ಒಂದೊಂದಾಗಿ ಮರೆಯುತ್ತಿದ್ದಳು. ಮೊನ್ನೆ ನೀರು ಬೇಕೆಂದು ಬರೀ ಲೋಟ ತೋರಿಸಿ ಅತ್ತಿದ್ದಳು.

"ಸೀಸ ಸಾಯೋದಿಲ್ಲಪ್ಪ," ಎಂದರು ಡಾಕ್ಟರಮ್ಮ. "ಎಲ್ಲೋ ಹಿಮದ ಗಡ್ಡೆ ಕೊರೆದ್ರೆ, ಸಾವಿರಾರು ವರ್ಷದ ಹಿಂದಿನವರು ಕರಗಿಸಿದ ಹೊಗೆ ಇನ್ನೂ ಪದರ ಪದರವಾಗಿ ಸಿಗುತ್ತಂತೆ. ಬಿದ್ದಿದ್ದು ಬಿದ್ದ ಕಡೆ ಕೂತಿರುತ್ತೆ."

"ನಮ್ಮಜ್ಜಂಗೆ ಅಷ್ಟು ವಯಸ್ಸಾಗಿರ್ಲಿಲ್ಲ ಬಿಡಿ," ಎಂದು ನಗಲು ನೋಡಿದ. ಯಾರೂ ನಗಲಿಲ್ಲ. ತನಗೇ ನಾಚಿಕೆಯಾಯಿತು.

ಆಸ್ಪತ್ರೆಯ ಗೇಟು ದಾಟಿದ ಮೇಲೆ ಹೆಂಡತಿ ಕೇಳಿದಳು: "ನಿಜ ಹೇಳ್ರೀ. ನಾನು ಕೆಲಸಕ್ಕೆ ಹೋದಾಗ ಕದ್ದುಮುಚ್ಚಿ ಏನಾದ್ರೂ ಎರೆದ್ರಾ?"

"ಪುಟ್ಟಿ ಆಣೆಗೂ ಇಲ್ಲ ಕಣೇ."

"ಅವಳ ಮೇಲೆ ಮಾತ್ರ ಆಣೆ ಇಡ್ಬೇಡಿ," ಎಂದವಳೇ ಬಿರಬಿರನೆ ಮುಂದೆ ನಡೆದಳು.

ಅವಳ ಅನುಮಾನ ಅವನನ್ನೂ ಹಿಡಿದುಕೊಂಡಿತು. ತಾನಲ್ಲದಿದ್ದರೆ ಇನ್ನು ಯಾರು? ಮನೆಯಲ್ಲಿ ಇಡೀ ದಿನ ಇರುವವಳು ಅಮ್ಮ ಒಬ್ಬಳೇ. ಸಂಸಾರ ತೂಗಿಸಲೆಂದು ಅವಳೇನಾದರೂ ಒಲೆ ಹಚ್ಚುತ್ತಿದ್ದಾಳೆಯೇ? ಅವಳಿಗಿಂತ ಮೊದಲೇ ಮನೆ ತಲುಪಿದವನು ಚಪ್ಪಲಿಯನ್ನೂ ಬಿಡದೆ ಹಿತ್ತಿಲಿಗೆ ಓಡಿ ಕುಲುಮೆಯ ಬಾಯಿಗೆ ಕೈ ಹಾಕಿದ. ತಣ್ಣಗಿತ್ತು. ಜೇಡ ಬಲೆ ಕಟ್ಟಿತ್ತು. ಹೆತ್ತವಳ ಮೇಲೆ ಸಂಶಯಪಟ್ಟೆನಲ್ಲ ಎಂದು ಒಳಗೊಳಗೇ ಹಿಡಿಯಷ್ಟಾದ.

ಆಗ ಒಳಗಿನಿಂದ ಪೊರಕೆಯ ಬಿರುಸಾದ ಸದ್ದು ಕೇಳಿಸಿತು.

ನಡುಮನೆಯಲ್ಲಿ ಅಮ್ಮ ಸ್ಟೂಲು ಹತ್ತಿ, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಉದ್ದ ಕೋಲಿನ ಪೊರಕೆಯಿಂದ ಮಾಡಿನ ತೊಲೆಗಳನ್ನು ಬಡಿಯುತ್ತಿದ್ದಳು. ಅರ್ಧ ಮಾಡು ಆಗಲೇ ಮರದ ಬಣ್ಣಕ್ಕೆ ತಿರುಗಿತ್ತು, ಉಳಿದರ್ಧ ಕಪ್ಪಗಿತ್ತು. ಅಜ್ಜ ಕುಲುಮೆ ಹೂಡಿದ್ದು ಇದೇ ನಡುಮನೆಯಲ್ಲಿ. ಅಪ್ಪ ಅದನ್ನು ಹಿತ್ತಿಲಿಗೆ ಸಾಗಿಸಿದ್ದು ಎಷ್ಟೋ ವರ್ಷಗಳ ಮೇಲೆ.

"ಅಮ್ಮಾ, ಏನ್ ಮಾಡ್ತಿದ್ದೀಯ?"

"ಕಾಣಲ್ವೇನೋ?" ಅಮ್ಮನ ದನಿಯಲ್ಲಿ ಹೆಮ್ಮೆಯಿತ್ತು. "ಮಗೂಗೋಸ್ಕರ ಮನೆ ಚೊಕ್ಕವಾಗಿರ್ಬೇಕು ಅಂತ ನೀನೇ ತಾನೆ ಬಂದು ಹೇಳಿದ್ದು? ಆವತ್ತಿಂದ ದಿನಾ ಒಂದಿಷ್ಟು ಉದುರಿಸ್ತಿದ್ದೀನಿ. ನೀವು ಬರೋದ್ರೊಳಗೆ ಗುಡಿಸಿಬಿಡ್ತೀನಿ. ಎಲ್ಲಾ ನಿಮ್ಮಜ್ಜನ ಕಾಲದ ಮಸಿ ಕಣೋ, ನಾನು ಈ ಮನೆಗೆ ಬರೋಕೆ ಮುಂಚಿಂದು."

ಹೋದ ಸಲ, ಮನೆ ಚೊಕ್ಕವಾಗಿಡಿ, ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಧೂಳು ಏಳಿಸಬೇಡಿ ಎಂದಿದ್ದರು ಡಾಕ್ಟರಮ್ಮ. ಮನೆಗೆ ಬಂದು ಹೇಳುವಾಗ ಅವನು ಚೊಕ್ಕ ಅನ್ನುವುದೊಂದನ್ನೇ ಹೇಳಿದ್ದ.

"ಇಳಿಯಮ್ಮ," ಎಂದ. ಹಿಂದೆ ಹೆಂಡತಿ ಬಂದು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಮಾಡಿನ ಗಾಜಿನ ಹೆಂಚಿನಿಂದ ಬಿಸಿಲಕೋಲು ಇಳಿದಿತ್ತು. ಅದರ ಬುಡದಲ್ಲಿ ಕೂತಿದ್ದ ಪುಟ್ಟಿ ಅಪ್ಪನನ್ನು ಕಂಡು ಎರಡೂ ಕೈ ಮೇಲೆತ್ತಿ ನಕ್ಕಳು. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಒಂದು ಮಾತು ಹೊರಟಿತು.

"ಮಳೆ," ಎಂದಳು. "ಅಪ್ಪಾ, ಮಳೆ."

ಆಮೇಲೆ ಮುಖ ಮೇಲೆ ಮಾಡಿ ನಾಲಗೆ ಚಾಚಿದಳು. ಬಿಸಿಲಿನಲ್ಲಿ ಬೂದುಬಣ್ಣದ ಧೂಳು ಸದ್ದಿಲ್ಲದೆ ಇಳಿಯುತ್ತಲೇ ಇತ್ತು.