ಮೆಣಸಿನಕಾಯಿ ಪೇಟೆಯ ಒಂದು ಸೆಕೆಂಡು

ನನ್ನ ಪೆಟ್ಟಿಗೆಗೆ ಹದಿನೆಂಟು ಸಾವಿರ, ಪರದೆಗೆ ಆರು, ಕರೆಂಟು ಹೋದರೆ ಕಾಯುವ ಬ್ಯಾಟರಿಗೆ ಎರಡೂವರೆ. ಸಮಯಕ್ಕೆ ಮಾತ್ರ ಬೆಲೆ ಕಟ್ಟಿರಲಿಲ್ಲ. ಅದು ಇಂಟರ್ನೆಟ್ಟಿನಿಂದ ಪುಕ್ಕಟೆ ಬರುತ್ತಿತ್ತು.

ನಾನು ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನನ್ನನ್ನು ಜೋಡಿಸಿದರು. ಅಲ್ಲಿಂದ ಮೆಣಸಿನಕಾಯಿ ವ್ಯಾಪಾರಿ ಈರಸಂಗಪ್ಪನವರ ಮೇಜಿನ ಕೆಳಗೆ ಬಂದು ಕೂತೆ. ಅವರ ಪಾದ, ಚಪ್ಪಲಿ, ಧೋತರದ ಅಂಚು, ನನಗೆ ಕಾಣುತ್ತಿದ್ದುದು ಇಷ್ಟೇ. ಘಾಟಿಗೆ ನನ್ನ ಫ್ಯಾನೂ ಕೆಮ್ಮುತ್ತಿತ್ತು.

ಪೇಟೆಯಲ್ಲಿ ಹರಾಜು ಕೂಗುವ ಕಾಲ ಮುಗಿದಿತ್ತು. ರೈತರು ತಂದ ಪ್ರತಿ ರಾಶಿಗೂ ದರವನ್ನು ಕಂಪ್ಯೂಟರಿನಲ್ಲೇ ಹಾಕಬೇಕು. ಮೂರು ಗಂಟೆಗೆ ಪೇಟೆಯ ದೊಡ್ಡ ಯಂತ್ರ ಬಾಗಿಲು ಮುಚ್ಚುತ್ತದೆ. ಮೊದಲೇ ಹಾಕಿದರೆ ದರ ಪಕ್ಕದ ಅಂಗಡಿಯ ಕಿವಿಗೆ ಬೀಳುತ್ತದೆಂಬ ಭಯ ಎಲ್ಲರಿಗೂ. ಹಾಗಾಗಿ ಈರಸಂಗಪ್ಪ ಗುಂಡಿಯ ಮೇಲೆ ಬೆರಳಿಟ್ಟು, ನನ್ನ ಗಡಿಯಾರ ನೋಡುತ್ತ ಕೂತು, ಕೊನೆಯ ಸೆಕೆಂಡಿಗೆ ಒತ್ತುತ್ತಿದ್ದರು.

ಭೂಮಿ ತಿರುಗುವುದು ಒಂದೊಂದು ಸಲ ಗಡಿಯಾರಕ್ಕಿಂತ ಹಿಂದೆ ಬೀಳುತ್ತದಂತೆ. ಆಗ ಜಗತ್ತಿನ ಸಮಯಕ್ಕೆಲ್ಲ ಒಂದು ಸೆಕೆಂಡು ಸೇರಿಸುತ್ತಾರೆ. ಆ ವರ್ಷ ಜನವರಿ ಒಂದರ ಬೆಳಗಿನ ಜಾವ ಸೇರಿಸಿದರು. ಅಂದು ಭಾನುವಾರ. ಸೋಮವಾರ ನನ್ನನ್ನು ಚಾಲೂ ಮಾಡಿದಾಗ ನಾನು ಇಂಟರ್ನೆಟ್ಟನ್ನು ಕೇಳಿ ಸರಿಮಾಡಿಕೊಂಡೆ. ದೊಡ್ಡ ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ಜಗತ್ತು ಆ ಒಂದು ಸೆಕೆಂಡು ತಡೆದು ನಿಂತಾಗ ಅದು ನಿಂತಿರಲಿಲ್ಲ, ಹಾಗಾಗಿ ಒಂದು ಸೆಕೆಂಡು ಮುಂದೆಯೇ ಓಡುತ್ತಿತ್ತು. ಅಲ್ಲಿಂದ ಬರುವ ಪ್ರತಿ ಪುಟದ ಬೆನ್ನಿಗೆ, ಮನುಷ್ಯರ ಕಣ್ಣಿಗೆ ಬೀಳದಂತೆ, ಅದರ ಸಮಯ ಅಂಟಿರುತ್ತದೆ. ನನಗೆ ಕಂಡಿತು. ಹೇಳುವುದು ಹೇಗೆ?

ಅವತ್ತೇ ನೀಲವ್ವ ಬಂದಳು. ಮನೆಯಲ್ಲಿ ಖಾರದ ಪುಡಿ ಮಾಡಿ ಮಾರುವವಳು. ಅವಳಿಗೆ ಬೇಕಾದ ಮೆಣಸಿನಕಾಯಿಗೆ ಪೇಟೆಯಲ್ಲಿ ದರ ಹಾಕಿ ಕೊಡಿಸುತ್ತಿದ್ದವರು ಈರಸಂಗಪ್ಪ. ಒಂದು ಹಾಸ್ಟೆಲ್ಲಿನ ಇಡೀ ವರ್ಷದ ಆರ್ಡರು ಮೊದಲ ಸಲ ಸಿಕ್ಕಿತ್ತು.

"ಯಣ್ಣಾ, ಆ ರಾಶಿ ನನಗ ಬೇಕ ಬೇಕು. ನಮೂನಿ ಪುಡಿ ಅದರದ್ದ ಕೊಟ್ಟೀನಿ. ಬ್ಯಾರೆ ಬಣ್ಣ ಬಂದ್ರ ವಾರ್ಡನ್ ಅಕ್ಕಾರು ಚೀಲ ಹೊರಗ ಒಗೀತಾರ. ಈಗ ಹಾಕಿಬಿಡ್ರಿ."

"ಏ ನೀಲವ್ವಾ, ಇದೇನ್ ಸಂತ್ಯಾಗ ಬದನಿಕಾಯಿ ತಗೊಂಡಂಗಲ್ಲ. ನನ್ನ ಬೆರಳಿಗೆ ಇಡೀ ಪೇಟಿ ಅಂಜತೈತಿ, ಸುಮ್ನ ಕುಂದ್ರು."

ನನ್ನ ಲೆಕ್ಕಕ್ಕೆ ಒಂದು ಸೆಕೆಂಡು ಇರುವಾಗ ಅವರು ಒತ್ತಿದರು. ಪರದೆಯ ಮೇಲೆ ಬಂತು: ಸಮಯ ಮುಗಿದಿದೆ.

"ಇನ್ನೂ ಒಂದ್ ಸೆಕೆಂಡ್ ಇತ್ತಲ್ರೀ!" ನೀಲವ್ವ ಚೀರಿದಳು.

"ಈ ಡಬ್ಬಿ ನಿದ್ದಿ ಹೊಡದೈತಿ" ಎಂದು ಈರಸಂಗಪ್ಪ ನನ್ನನ್ನು ಒದ್ದರು.

"ಅದನ್ಯಾಕ ಒದೀತೀರಿ? ಮೊದಲ ಹಾಕ್ರಿ ಅಂದಿದ್ದಿಲ್ಲೇನು?"

ರಾಶಿ ನಮಗಿಂತ ಕಡಿಮೆ ದರ ಹಾಕಿದ ಪಕ್ಕದ ಅಂಗಡಿಗೆ ಹೋಯಿತು. ಅಲ್ಲಿಯ ಹಳೆಯ ಕಂಪ್ಯೂಟರಿಗೂ ಹೊಸ ಸೆಕೆಂಡಿನ ಸುದ್ದಿ ಮುಟ್ಟಿರಲಿಲ್ಲ. ತಪ್ಪಿದ್ದವರಿಬ್ಬರೂ ಒಂದಾಗಿದ್ದರು, ಸರಿಯಿದ್ದ ನಾನು ಒಬ್ಬಂಟಿ.

ಮರುದಿನ ದೊಡ್ಡ ಯಂತ್ರವನ್ನು ಯಾರೋ ಸದ್ದಿಲ್ಲದೆ ಸರಿಮಾಡಿದರು. ಈರಸಂಗಪ್ಪನವರಿಗೆ ಅದು ತಿಳಿಯಲಿಲ್ಲ. ಮೆಕ್ಯಾನಿಕ್‌ನನ್ನು ಕರೆಸಿ, ನಾನು ಇಂಟರ್ನೆಟ್ಟನ್ನು ಸಮಯ ಕೇಳದಂತೆ ಮಾಡಿಸಿ, ನನ್ನ ಗಡಿಯಾರವನ್ನು ಒಂದು ಸೆಕೆಂಡು ಮುಂದಿಡಿಸಿದರು. ಅಂದಿನಿಂದ ನಾನು ತಪ್ಪು ತೋರಿಸಿದೆ, ಅವರು ನಂಬಿದರು.

ಈಗ ಹಳತಾಗಿ, ಗೋದಾಮಿನ ಮೂಲೆಯಲ್ಲಿ ಖಾಲಿ ಚೀಲಗಳ ಕೆಳಗಿದ್ದೇನೆ. ನೀಲವ್ವ ಆಮೇಲೆ ಈ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಹಾಸ್ಟೆಲ್ಲಿಗೆ ಬೇರೆ ಯಾರದೋ ಪುಡಿ ಹೋಗುತ್ತದೆ. ಜಗತ್ತಿಗೆ ಒಂದು ಸೆಕೆಂಡು ಸಿಕ್ಕಿತು. ನೀಲವ್ವನಿಗೆ ಮೆಣಸಿನಕಾಯಿ ಸಿಗಲಿಲ್ಲ.