ಹದಿನೈದನೆಯ ಜೋಡಿ

ದೊಡ್ಡಣ್ಣ ಚಹಾಕ್ಕೆಂದು ಎದ್ದು ಹೋದದ್ದೇ ತಡ, ಲೆಕ್ಕದಮ್ಮ ಅವರ ಟ್ರೇಯಿಂದ ಆ ಗಾಜಿನ ಪಟ್ಟಿಯನ್ನು ಎತ್ತಿ ತನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ತಮ್ಮವರ ಗಾಜನ್ನು ತಾವು ನೋಡಬಾರದೆಂಬುದು ಪ್ರಯೋಗಾಲಯದ ನಿಯಮ. ಹದಿಮೂರು ವರ್ಷದಿಂದ ಅದನ್ನು ಹೊಸಬರಿಗೆಲ್ಲ ಕಣ್ಣು ದೊಡ್ಡದು ಮಾಡಿ ಹೇಳಿಕೊಟ್ಟವಳೇ ಅವಳು. ಎಣಿಕೆಯಲ್ಲಿ ಒಂದು ದಿನವೂ ತಪ್ಪಿದವಳಲ್ಲವೆಂದೇ ಲೆಕ್ಕದಮ್ಮ ಎಂಬ ಅಡ್ಡಹೆಸರು. ಪಟ್ಟಿಯ ಮೇಲೆ ಬರೀ ಸಂಖ್ಯೆಯಿತ್ತು. ಆ ಸಂಖ್ಯೆ ಅವಳಿಗೆ ಮೂರು ವಾರದಿಂದ ಬಾಯಿಪಾಠ.

ಮೂರು ವಾರದ ಹಿಂದೆ, ಹನ್ನೊಂದನೆಯ ವಾರಕ್ಕೆ, ಅವಳ ಹೊಟ್ಟೆಯಲ್ಲಿದ್ದದ್ದು ಹೋಗಿತ್ತು. ಮೂರನೆಯ ಸಲ. ಹಿಂದಿನ ಎರಡರಲ್ಲಿ ಪರೀಕ್ಷೆಗೆಂದು ಏನೂ ಸಿಕ್ಕಿರಲಿಲ್ಲ. ಈ ಸಲ ಸಿಕ್ಕ ಚೂರನ್ನು ಆಸ್ಪತ್ರೆಯವರು ಇಲ್ಲಿಗೇ ಕಳಿಸಿದ್ದರು. ದೊಡ್ಡಣ್ಣ ಅದರ ಕೋಶಗಳನ್ನು ಎರಡು ಬಾಟಲಿಗಳಲ್ಲಿ ಬೆಳೆಯಲಿಟ್ಟಿದ್ದರು.

"ಲಿಫ್ಟ್ ಕೆಟ್ಟ ದಿನ ಬಾಟಲಿ ಪೆಟ್ಟಿಗೆ ಹೊತ್ಕೊಂಡು ಮೂರು ಮಹಡಿ ಹತ್ತಿದ್ಯಲ್ಲಮ್ಮ, ಅದೇ ಆಗಿರ್ಬೇಕು" ಎಂದಿದ್ದರು ಅತ್ತೆ, ಮೆತ್ತಗೆ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಅವಳಿಗೆ ಬೇಕಾಗಿದ್ದುದು ನಲವತ್ತೇಳು. ಮನುಷ್ಯನ ಕೋಶದಲ್ಲಿ ವರ್ಣತಂತುಗಳು ನಲವತ್ತಾರು, ಇಪ್ಪತ್ತಮೂರು ಜೋಡಿ. ಕೋಶ ಎರಡಾಗುವ ಮುನ್ನ ಅವೆಲ್ಲ ನಡುವೆ ಬಂದು ಸಾಲಾಗಿ ನಿಲ್ಲುತ್ತವೆ. ಎರಡು ತುದಿಗಳಿಂದಲೂ ನೂಲು ಬಂದು ಒಂದೊಂದನ್ನೂ ಹಿಡಿಯಬೇಕು. ಒಂದೇ ಒಂದಕ್ಕೆ ನೂಲು ಸಿಗದಿದ್ದರೂ ಅದು "ತಾಳಿ" ಎಂದು ತಡೆಯುತ್ತದೆ, ಇಡೀ ಕೋಶ ತಾಳುತ್ತದೆ. ಈ ಪ್ರಯೋಗಾಲಯ ನಡೆಯುವುದೇ ಆ ತಾಳ್ಮೆಯಿಂದ. ನೂಲು ಕರಗಿಸುವ ಮದ್ದು ಹಾಕಿದರೆ ಕೋಶ ಬಾರದ ನೂಲಿಗಾಗಿ ಕಾಯುತ್ತ ನಿಂತುಬಿಡುತ್ತದೆ, ಇವರು ಎಣಿಸಿಕೊಳ್ಳುತ್ತಾರೆ. ಆದರೆ ಅಂಡದಲ್ಲಿ, ಅದೂ ಅವಳ ಹಾಗೆ ಮೂವತ್ತೊಂಬತ್ತು ವರ್ಷ ದಾಟಿದವಳ ಅಂಡದಲ್ಲಿ, ಈ ಕಾವಲು ಸಡಿಲ. ಹಾಗೆ ಒಂದು ಹೆಚ್ಚಿಗೆ ನುಸುಳಿದ್ದರೆ ಸಾಕಾಗಿತ್ತು. ಆಗ ತಪ್ಪು ಅವಳದ್ದೂ ಅಲ್ಲ, ಮೆಟ್ಟಿಲಿನದ್ದೂ ಅಲ್ಲ.

ಎಣಿಸಿದಳು. ನಲವತ್ತಾರು. ಇನ್ನೊಂದು ಕೋಶಕ್ಕೆ ಹೋದಳು, ಮತ್ತೊಂದಕ್ಕೆ ಹೋದಳು. ಎಲ್ಲದರಲ್ಲೂ ನಲವತ್ತಾರೇ. ಹಾಗಾದರೆ ಆ ಪೆಟ್ಟಿಗೆಯೇ ಕಾರಣ ಎಂದುಕೊಳ್ಳುವಷ್ಟರಲ್ಲಿ ಕಣ್ಣು ಎರಡು ಎಕ್ಸ್ ವರ್ಣತಂತುಗಳ ಮೇಲೆ ಬಿತ್ತು. ಹೆಣ್ಣು. ಹದಿನೈದನೆಯ ಜೋಡಿಯಲ್ಲಿ ಒಂದರ ತಲೆಯ ಮೇಲೆ ದಪ್ಪ ಬೊಟ್ಟು! ಕೆಲಸಕ್ಕೆ ಸೇರಿದ ವರ್ಷ ಇಲ್ಲಿ ಎಲ್ಲರೂ ಸ್ವಂತ ರಕ್ತದ ಮೇಲೆ ಎಣಿಕೆ ಕಲಿಯುತ್ತಾರೆ. ಅವಳದ್ದರಲ್ಲೂ ಇದೇ ಬೊಟ್ಟಿತ್ತು. ಹಾನಿಯಿಲ್ಲದ್ದು, ಮನೆತನದ ಮೂಗಿದ್ದ ಹಾಗೆ. ಮಗಳು ಅದನ್ನು ಅಮ್ಮನಿಂದ ಇಸಿದುಕೊಂಡಿದ್ದಳು. ಲೆಕ್ಕದಮ್ಮನಿಗೆ ಅಳು ಉಕ್ಕಿ ಬಂತು. ಅಳುತ್ತಲೇ ಗಂಡನಿಗೆ ಫೋನು ಮಾಡಿದಳು.

"ರೀ, ಹೆಣ್ಣು."

ಅತ್ತ ಅವನ ಬಡಗಿ ಅಂಗಡಿಯಲ್ಲಿ ಗರಗಸದ ಸದ್ದು ನಿಂತಿತು. "ಹೆಣ್ಣಾ?" ಎಂದ. ಆಮೇಲೆ, "ಕರ್ಕೊಂಡು ಹೋಗೋಕೆ ಬರ್ತೀನಿ, ಅಲ್ಲೇ ಇರು" ಎಂದ.

ದೊಡ್ಡಣ್ಣ ಬಾಗಿಲಲ್ಲಿ ನಿಂತಿದ್ದರು. ವಯಸ್ಸಿನಲ್ಲೂ ಕೆಲಸದಲ್ಲೂ ಇಲ್ಲಿ ಎಲ್ಲರಿಗಿಂತ ಹಿರಿಯರು. "ಕಳ್ಳಿ! ಹೇಳ್ದೆ ಕೇಳ್ದೆ ನೋಡ್ಬಿಟ್ಯಾ?" ಎಂದು ಗದರಿದರು. ಅವಳ ಮುಖ ಕಂಡು ದನಿ ಇಳಿಸಿದರು. "ಏಳು, ನಾನು ನೋಡ್ತೀನಿ."

ನೋಡಿದರು. ಮತ್ತೆ ನೋಡಿದರು. ಎದ್ದುಹೋಗಿ ಬೀರುವಿನಿಂದ ಹದಿಮೂರು ವರ್ಷದ ಹಿಂದಿನ ಒಂದು ಫೋಟೋ ತಂದರು, ಅವಳ ರಕ್ತದ್ದು.

"ಬೊಟ್ಟಿರೋ ಹದಿನೈದು ನೋಡ್ದೆ, ಸರಿ. ಅದರ ಜೋಡಿ ನೋಡಿದ್ಯಾ?"

ಅವಳು ನೋಡಿರಲಿಲ್ಲ. ಹೊಸಬರು ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದಳು.

"ಅದಕ್ಕೆ ತಲೇನೇ ಇಲ್ಲ, ಬೋಳು. ನಿನ್ನ ಫೋಟೋದಲ್ಲೂ ಹಂಗೇ. ಎರಡೂ ನಿನ್ನವೇ ಕಣಮ್ಮ. ಮಗೂಗೆ ನೀನು ಒಂದನ್ನ ಕೊಡಬಹುದು, ಇನ್ನೊಂದು ಅಪ್ಪಂದು. ಎರಡೂ ನೀನೇ ಕೊಡೋಕಾಗಲ್ಲ." ಅವರು ಕನ್ನಡಕ ತೆಗೆದು ಅಂಗಿಯಿಂದ ಒರೆಸತೊಡಗಿದರು. "ಆ ಚೂರಿನ ಜೊತೆ ನಿನ್ನ ಗರ್ಭದ ಪದರಾನೂ ಸ್ವಲ್ಪ ಬಂದಿರುತ್ತೆ. ಬೆಳೆದಿರೋದು ಅದು. ಮಗೂದು ಬೆಳೀಲೇ ಇಲ್ಲ."

"ಇನ್ನೊಂದು ಬಾಟಲಿ ಇತ್ತಲ್ಲ, ದೊಡ್ಡಣ್ಣ?"

"ಅದರಲ್ಲೂ ಇದೇ. ಬೆಳಗ್ಗೇನೇ ನೋಡ್ದೆ. ನಿಂಗೆ ಹೆಂಗೆ ಹೇಳೋದು ಅಂತಾನೇ ಚಹಾಕ್ಕೆ ಹೋದದ್ದು."

ಹಾಗಾದರೆ ಮಗಳಿಲ್ಲ. ಮಗನೋ ಏನೋ ಅದೂ ಗೊತ್ತಿಲ್ಲ, ನಲವತ್ತೇಳೋ ಮೆಟ್ಟಿಲೋ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅರ್ಧ ಗಂಟೆಯ ಮಟ್ಟಿಗೆ ಮಗಳಿದ್ದಳು, ಈಗ ಅವಳೂ ಹೋದಳು. ಲೆಕ್ಕದಮ್ಮನಿಗೆ ಆ ಅರ್ಧ ಗಂಟೆ ವಾಪಸು ಬೇಕೆನಿಸಿತು, ಸುಳ್ಳಾದರೂ ಸರಿಯೇ.

ಗಂಡ ಗೇಟಿನ ಬಳಿ ಸ್ಕೂಟರಿನೊಂದಿಗೆ ಕಾಯುತ್ತಿದ್ದ. ಕೂದಲಲ್ಲೆಲ್ಲ ಮರದ ಹೊಟ್ಟು. ಕಣ್ಣು ಕೆಂಪಗಾಗಿತ್ತು. ಮೊದಲು ವಿಷಯ ಹೇಳಿಬಿಡಬೇಕು ಎಂದುಕೊಂಡೇ ಅವಳು ಮೆಟ್ಟಿಲಿಳಿದಿದ್ದಳು. ಅವನೇ ಬಾಯಿ ತೆಗೆದ.

"ಯಾರ ಥರ ಇದ್ಲು ಅಂತ ಅದ್ರಲ್ಲಿ ಕಾಣ್ಸುತ್ತಾ?"

"ಇಲ್ಲ ರೀ. ಅದೆಲ್ಲ ಕಾಣ್ಸಲ್ಲ."

"ನಿನ್ನ ಥರಾನೇ ಇದ್ದಿರ್ತಾಳೆ ಬಿಡು" ಎಂದು ಅವನು ಮೂರು ವಾರದಲ್ಲಿ ಮೊದಲ ಸಲ ಒಂಚೂರು ನಕ್ಕ.

ಆ ವಿಷಯ ಹೇಳದೆಯೇ ಅವಳು ಹಿಂದೆ ಹತ್ತಿ ಕೂತು ಅವನ ಸೊಂಟ ಬಳಸಿ ಹಿಡಿದಳು. ರಸ್ತೆಯ ಉಬ್ಬು ಬಂದಾಗ ಅವನು ಗಾಡಿಯನ್ನು ಪೂರ್ತಿ ನಿಧಾನಿಸಿ, ಎರಡೂ ಕಾಲು ನೆಲಕ್ಕಿಟ್ಟು, ಅವಳು ಬಸುರಿಯಿದ್ದಾಗ ದಾಟಿಸುತ್ತಿದ್ದ ಹಾಗೆಯೇ, ಮೆಲ್ಲಗೆ ದಾಟಿಸಿದ.