ಗೀಟು ಹಾಕಿದ ಹೊತ್ತು

ಸ್ಲಾವ್ಕಾ ಟೀಚರ್ ತೀರಿಕೊಂಡರೆಂದು ಗೊತ್ತಾದ ಕೂಡಲೇ ಚಿತಾಗಾರಕ್ಕೆ ಫೋನ್ ಮಾಡಿ, ಅಂತ್ಯಕ್ರಿಯೆ ಎಷ್ಟು ಹೊತ್ತಿಗೆ ಎಂದು ಕೇಳಿದೆ. “ಎಲ್ಲಾ ವೆಬ್‌ಸೈಟಲ್ಲಿದೆ, ನೋಡ್ಕೊಳ್ಳಿ,” ಎಂದು ಫೋನ್ ಇಟ್ಟುಬಿಟ್ಟ ಆ ಗಂಡಸು. ಹುಟ್ಟುಕುರುಡಿ ನಾನು. ಇರಲಿ, ಬೆರಳಲ್ಲೇ ನೋಡಿಕೊಂಡೆ.

ನನ್ನ ಬ್ರೌಸರು ಬರೀ ಅಕ್ಷರದ್ದು. ಚಿತ್ರವಿಲ್ಲ, ಬಣ್ಣವಿಲ್ಲ, ಪುಟದ ಸಾಲುಗಳು ಒಂದೊಂದಾಗಿ ಬ್ರೈಲ್ ಪಟ್ಟಿಯ ಮೇಲೆ ಚುಕ್ಕಿಗಳಾಗಿ ಏಳುತ್ತವೆ. ಪಿಯಾನೋ ಶ್ರುತಿ ಮಾಡಿ ಬದುಕುವವಳಿಗೆ ಅಷ್ಟು ಸಾಕು. ಶುಕ್ರವಾರದ ಅಂತ್ಯಕ್ರಿಯೆಗಳನ್ನು ಟೈಪು ಮಾಡಿದ ಹಾಗೆಯೇ, ಖಾಲಿ ಜಾಗದ ಸಮೇತ ಹಾಕಿದ್ದರು. ಸ್ಲಾವ್ಕಾ ಹ್ರುಬಾ, ಮಧ್ಯಾಹ್ನ ಒಂದೂ ನಲವತ್ತು. ಅಲ್ಲಿಗೆ ಕೈ ತೆಗೆದೆ.

ಕುರುಡರ ಶಾಲೆಯಲ್ಲಿ ನನ್ನ ಬೆರಳು ಹಿಡಿದು ಓದು ಕಲಿಸಿದವರು ಅವರು. ಸುಡಲು ಒಳಗೆ ಕಳಿಸುವಾಗ ಪರದೆ ಎಳೆಯುತ್ತಾರೆ; ಅದಕ್ಕೆ ಮೊದಲು ಶವಪೆಟ್ಟಿಗೆಯ ಮೇಲೆ ಒಮ್ಮೆ ಕೈಯಿಡಬೇಕು, ಅಷ್ಟೇ ನನ್ನ ಆಸೆ. ಶುಕ್ರವಾರ ನಾಲ್ಕು ಬಿಳಿ ಕಾರ್ನೇಶನ್ ಹೂ ಹಿಡಿದು ಟ್ರಾಮ್ ಹತ್ತಿದೆ.

ಹೋದರೆ ಅಲ್ಲಿ ಬೇರೆ ಯಾರದೋ ಮನೆಯವರು ಅಳುತ್ತಿದ್ದರು. ಟೀಚರ್ ಅವರದು ಬೆಳಿಗ್ಗೆಯೇ ಮುಗಿದಿತ್ತು. ಹೆಸರು ಹೇಳಿಕೊಂಡು ಕಚೇರಿಗೆ ನುಗ್ಗಿದೆ. ಫೋನಿನಲ್ಲಿ ಕೇಳಿದ್ದ ಅದೇ ದನಿ, ವಾತ್ಸುಲೀಕ್ ಅಂತೆ. ಹೆಂಗಸರನ್ನು ಕರೆಯುವ ಮರ್ಯಾದೆಯ ‘ಪಾನಿ’ಗೇನೂ ಕೊರತೆಯಿಲ್ಲ.

“ಒಂದೂ ನಲವತ್ತರ ಮೇಲೆ ಅಡ್ಡಗೀಟು ಹಾಕಿ ರದ್ದು ಮಾಡಿದೀವಲ್ಲ, ಪಾನಿ ಕಪ್ಲಾನೊವಾ. ಹೊಸ ಟೈಮು ಪಟ್ಟಿ ಕೊನೇಲಿದೆ. ಎಲ್ರಿಗೂ ಕಾಣ್ಸುತ್ತೆ.”

“ನನ್ ಬೆರಳಿಗೆ ಕಾಣಿಸ್ಲಿಲ್ಲ.”

“ಕೊನೇತನಕ ಓದ್ಬೇಕಿತ್ತು ನೀವು.”

“ನಿಮ್ಮಮ್ಮನ ಹೆಸರು ಸಿಕ್ಮೇಲೆ ನೀವು ಮಿಕ್ಕ ಹೆಣಗಳ್ನೆಲ್ಲಾ ಎಣಿಸ್ತಾ ಕೂರ್ತೀರಾ?”

ನನಗೆ ಮೈಯೆಲ್ಲಾ ಉರಿ. ಅವನ ಮೇಲಷ್ಟೇ ಅಲ್ಲ, ನನ್ನ ಬ್ರೌಸರಿನ ಮೇಲೂ. ಬರೆದದ್ದನ್ನು ಬರೆದಂತೆ ಇಡಬೇಕಾದ ಜಾಗದಲ್ಲೂ ಅದು, ‘ಇಲ್ಲಿಂದ ಇಲ್ಲಿಗೆ ಗೀಟು’ ಎಂದು ಹೇಳುವ ಅಕ್ಷರದ ಗುರುತನ್ನು ಮಾತ್ರ ಹೆಕ್ಕಿ ತೆಗೆದಿತ್ತು. ತೆಗೆದದ್ದರ ಬದಲು ಗೀಟೆಳೆಯಲು ಬ್ರೌಸರಿಗೆ ಬರುವುದಿಲ್ಲ. ಆ ಗುರುತನ್ನಾದರೂ ಹಾಗೇ ಬಿಟ್ಟಿದ್ದರೆ ಬೆರಳಿಗೆ ತಗಲುತ್ತಿತ್ತು. ರದ್ದಾದ ಹೊತ್ತನ್ನು ತೊಳೆದು ಒರೆಸಿ ನನ್ನ ಕೈಗಿಟ್ಟಿತು, ದರಿದ್ರದ್ದು.

“ಪರದೆ ಒಂದ್ಸಲ ತೆಗೀರಿ,” ಎಂದೆ.

“ಆಗಲ್ಲ ಪಾನಿ. ಪೆಟ್ಟಿಗೆ ಒಳಗ್ ಹೋಗಾಯ್ತು.”

ಹೂಗಳನ್ನು ಅವನ ಮೇಜಿನ ಮೇಲೆ ಬಿಸಾಕಿದೆ. “ಆ ಪುಟ ಸರಿಮಾಡ್ಸಿ. ಇಲ್ದಿದ್ರೆ ದಿನಾ ಬಂದು ಇಲ್ಲೇ ಕೂರ್ತೀನಿ.”

ಸೋಮವಾರ ಅವನೇ ಫೋನ್ ಮಾಡಿದ. ದನಿಯಲ್ಲಿ ಹೆಮ್ಮೆ.

“ಟೈಪಿನ ಸಹವಾಸಾನೇ ಬೇಡ ಅಂತ ಇಡೀ ಪಟ್ಟೀನ ಫೋಟೋ ತೆಗ್ದು ಹಾಕಿಸಿದೀನಿ ಪಾನಿ. ಗೀಟೆಲ್ಲಾ ಎಷ್ಟ್ ಚೆನ್ನಾಗಿ ಕಾಣ್ಸುತ್ತೆ ಗೊತ್ತಾ? ತೆಗ್ದು ನೋಡಿ.”

ತೆರೆದೆ. ಹೆಸರಿಲ್ಲ, ಹೊತ್ತಿಲ್ಲ. ಬೆರಳ ಕೆಳಗೆ ಒಂದೇ ಒಂದು ಪದ ಎದ್ದಿತು: ಚಿತ್ರ.

“ಹೇಗಿದೆ ಪಾನಿ?”

“ಚೆನ್ನಾಗಿದೆ,” ಎಂದೆ. “ಇನ್ಮೇಲೆ ನಮ್ಮಂಥ ಕುರುಡರ ಪಾಲಿಗೆ ಯಾರೂ ಸಾಯೋದೇ ಇಲ್ಲ.”